ಆಟಿಗೆ ಮೊದಲೇ ಇಳಿದ ಚೆನ್ನೆಮಣೆ

ಮಗನಿಗೆ ಆಗ ನಾಲ್ಕು ವರ್ಷ. ಊರಿಂದ ದೂರ, ಮಹಾನಗರದಂಚಿನ ಘಣಸೋಲಿಯ ಫ್ಲ್ಯಾಟಿನಲ್ಲಿ ನಾನು, ಗಂಡ, ಮಗ, ಉಡುಪಿಯಿಂದ ಬಂದ ಅತ್ತೆ. ಮೊಬೈಲಿನಲ್ಲಿ ಕಾರ್ಟೂನ್ ಹಾಕದಿದ್ದರೆ ಮಗ ಬಾಯಿಯೇ ತೆರೆಯುತ್ತಿರಲಿಲ್ಲ. ಆಫೀಸಿನಿಂದ ಬಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಾರ್ಟೂನ್ ತೋರಿಸುತ್ತ ತುತ್ತು ತುರುಕುತ್ತಿದ್ದೆ. ದಿನದಲ್ಲಿ ಅವನು ನನ್ನ ಕೈಗೆ ಸಿಗುತ್ತಿದ್ದದ್ದು ಅಷ್ಟೇ ಹೊತ್ತು.

ಒಂದು ಭಾನುವಾರ ನೆಂಟರೆಲ್ಲ ಕೂತಿದ್ದಾಗ ಅತ್ತೆ ಹೇಳಿದರು: "ಮಗುವಿಗೆ ಅನ್ನ ಕೊಡ್ಲಿಕ್ಕೂ ಮೊಬೈಲ್ ಬೇಕು ಇವಳಿಗೆ. ಎಂತ ತಾಯಿಯೋ."

ನೆಂಟರು ನಕ್ಕರು. ಗಂಡನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಇದಕ್ಕೆ ತಕ್ಕ ಶಾಸ್ತಿ ಮಾಡದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಮರುದಿನವೇ ಟೀವಿಯ ಕೇಬಲ್ ತೆಗೆಸಿದೆ. ಅತ್ತೆಯ ಸಂಜೆಯ ಮೂರು ಧಾರಾವಾಹಿಗಳು ಒಂದೇ ಏಟಿಗೆ ಹೋದವು.

"ಮಗುವಿನ ಎದುರು ಮೊಬೈಲೂ ಬೇಡ, ಟೀವಿಯೂ ಬೇಡ ಅತ್ತೆ," ಅಂದೆ, ಆದಷ್ಟೂ ಮೆತ್ತಗೆ.

"ಮತ್ತೆ ಅವ ಇಡೀ ದಿನ ಎಂತ ಮಾಡುದು?"

"ಲಾಫ್ಟ್ ಮೇಲೆ ನಿಮ್ಮ ಚೆನ್ನೆಮಣೆ ಇದೆಯಲ್ಲ, ಆಡಿಸಿ."

ಅವರ ಮುಖ ಕಪ್ಪಿಟ್ಟಿತು. ಗುಳಿಗಳಿಗೆ ಕಾಳು ಹಂಚುತ್ತ ಆಡುವ ಆ ಮಣೆಯನ್ನು ಅವರ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಕೆಳಗಿಳಿಸುತ್ತಾರೆ. ಬೇರೆ ದಿನ ಆಡಿದರೆ ಮನೆಗೆ ಕೇಡಂತೆ. ಆಗಿನ್ನೂ ಫೆಬ್ರವರಿ. ಮೈಸೂರಿನವಳಾದರೂ ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಎರಡು ದಿನ ಮಗ ನೆಲದಲ್ಲಿ ಹೊರಳಾಡಿ ಅತ್ತ. ಅತ್ತೆ ಕಪ್ಪು ಟೀವಿಯ ಎದುರು ಸುಮ್ಮನೆ ಕೂತರು. ಅನುಭವಿಸಲಿ ಅಂದುಕೊಂಡು ಲೋಕಲ್ ರೈಲಿನ ನೂಕುನುಗ್ಗಲಲ್ಲೂ ಒಬ್ಬಳೇ ನಗುತ್ತಿದ್ದೆ.

ಮೂರನೆಯ ಸಂಜೆ ಬಂದು ನೋಡಿದರೆ ಹಾಲ್‌ನ ನಡುವೆ ಚೆನ್ನೆಮಣೆ. ಸದಾ ಹಿಂದಿಯಲ್ಲೇ ಮಾತಾಡುವ ಮಗ ಕೆಂಪು ಬೀಜಗಳನ್ನು ಒಂದೊಂದೇ ಗುಳಿಗೆ ಹಾಕುತ್ತ ಕನ್ನಡದಲ್ಲಿ ಎಣಿಸುತ್ತಿದ್ದ.

"ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟಿದ್ದೇನೆ," ಅಂದರು ಅತ್ತೆ. "ಮಗುವಿಗಿಂತ ಆಟಿ ದೊಡ್ಡದಾ?"

ತಿಂಗಳಾಗುವಷ್ಟರಲ್ಲಿ ಅವನು ಮೊಬೈಲ್ ಕೇಳುವುದನ್ನೇ ಬಿಟ್ಟ. ಒಂದು ಸಂಜೆ ಅನ್ನ ಕಲಸಿ ಅವನ ಪಕ್ಕ ಕೂತೆ. ಅವನು ನನ್ನ ಕೈ ತಳ್ಳಿದ.

"ತುಮ್ ನಹೀ. ಅಜ್ಜಿ ಖಿಲಾಯೇಗೀ."

ಅಜ್ಜಿಯೇ ತಿನ್ನಿಸಬೇಕಂತೆ. ಹೇಳಲು ನಾಚಿಕೆಯಾಗುತ್ತದೆ, ಬ್ಯಾಗಿನಿಂದ ಮೊಬೈಲ್ ತೆಗೆದು ನಾನೇ ಅವನ ಕಾರ್ಟೂನ್ ಹಾಕಿ ಮುಂದೆ ಹಿಡಿದೆ. ಅವನು ಒಮ್ಮೆ ನೋಡಿ ಬೀಜಗಳತ್ತ ತಿರುಗಿದ.

ಅತ್ತೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು.

"ಬಿಡು, ಸುಸ್ತಾಗಿ ಬಂದಿದ್ದಿ," ಅಂದರು. "ಆ ಕಾರ್ಟೂನ್ ನೀನೇ ನೋಡು."