ರುಕ್ಮಿಣಮ್ಮ ಎತ್ತಿ ಕಟ್ಟಿದ ಚೆಂಡು

ಬಂಗಾಳದ ರಾಜಧಾನಿಯಲ್ಲಿ, ಬಿಬಿಡಿ ಬಾಗಿನ ಹಿಂದಿನ ಬೀದಿಯಲ್ಲಿರುವ ಐದಂತಸ್ತಿನ ಕಚೇರಿಯ ಟೆರೇಸು ಗುಡಿಸುವ ಕೆಲಸ ರುಕ್ಮಿಣಮ್ಮನಿಗೆ ಸಿಕ್ಕಿದ್ದು ಗಂಡ ಲಕ್ಷ್ಮೀನಾರಾಯಣ ತೀರಿಕೊಂಡ ಮೇಲೆ. ಅವರು ತುಮಕೂರಿನಿಂದ ಬಂದು ಮೂವತ್ತೊಂದು ವರ್ಷ ಅಲ್ಲಿಯ ಏಸಿ ಯಂತ್ರ ನೋಡಿಕೊಂಡಿದ್ದವರು. ಟೆರೇಸಿನ ಮೂಲೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಒಂದು ಟ್ಯಾಂಕು. ಯಂತ್ರ ನಿಂತರೆ ಕೊಳವೆಗಳ ತಣ್ಣೀರು ಬೆಚ್ಚಗಾಗಿ ಹಿಗ್ಗಿ ಅದಕ್ಕೆ ಏರುತ್ತದೆ. ಓಡಿದರೆ ಕುಗ್ಗಿ ಇಳಿಯುತ್ತದೆ. ನಲ್ಲಿಗೆ ಜೋಡಿಸಿದ ತೇಲುವ ಚೆಂಡು ನೀರಿನೊಡನೆ ಇಳಿದರೆ ನಲ್ಲಿ ತೆರೆದು ಇಳಿದಷ್ಟನ್ನೂ ತುಂಬಿಸುತ್ತದೆ, ಏರಿದರೆ ಮುಚ್ಚುತ್ತದೆ. ಇದನ್ನೆಲ್ಲ ಗಂಡ ಊಟಕ್ಕೆ ಕೂತಾಗ ಹೇಳುತ್ತಿದ್ದುದು ರುಕ್ಮಿಣಮ್ಮನಿಗೆ ಬಾಯಿಪಾಠ.

ರಜೆ ಬಂದರೆ ಟ್ಯಾಂಕು ತುಂಬಿ, ಹೆಚ್ಚಾದ ನೀರು ಟೆರೇಸಿಗೆ ಸುರಿಯುತ್ತಿತ್ತು. ಬಿಸಿಲು ಚೆನ್ನಾಗಿ ಬೀಳುವ ಜಾಗವೂ ಅದೇ. ಹೋದ ವರ್ಷ ಎರಡು ಸೇರು ಅಕ್ಕಿಯ ಸಂಡಿಗೆ ಅಲ್ಲಿ ನೆನೆದು ಹಾಳಾಗಿತ್ತು.

ಈ ಸಲ ದೋಲ್ ಹಬ್ಬ, ಅಂದರೆ ಅಲ್ಲಿಯವರ ಹೋಳಿ, ಸೇರಿ ಶುಕ್ರವಾರದಿಂದ ಮೂರು ದಿನ ರಜೆ. ಗುರುವಾರ ಸಂಜೆ ಪೈಪಿನ ಕೆಲಸದ ಮಿಹಿರ್, ನಲವತ್ತು ದಾಟಿದವನು, ಟ್ಯಾಂಕು ತೊಳೆದು ನೀರು ಬಿಟ್ಟು, ತುಂಬಿದಾಗ ಚೆಂಡೇ ನಿಲ್ಲಿಸುತ್ತದೆಂದು ಊರಿನ ರೈಲು ಹಿಡಿಯಲು ಸಿಯಾಲ್ದಾ ನಿಲ್ದಾಣಕ್ಕೆ ಹೋದ. ನೀರು ಅರ್ಧಕ್ಕೆ ಬಂದಾಗ ರುಕ್ಮಿಣಮ್ಮ ಸ್ಟೂಲು ಹತ್ತಿ, ಚೆಂಡನ್ನು ಎತ್ತಿ, ಹಳೆಯ ಸೀರೆಯ ಅಂಚಿನಿಂದ ಮೇಲಿನ ಸರಳಿಗೆ ಕಟ್ಟಿದರು. ನಲ್ಲಿ ನಿಂತಿತು. ಉಳಿದರ್ಧ ಜಾಗ ಹಿಗ್ಗುವ ನೀರಿಗೆ ಸಾಕೆಂದು ಅವರ ಅಂದಾಜು. ಸರಿಯಾಗಿಯೇ ಇತ್ತು, ಒಂದು ಹನಿಯೂ ಹೊರಗೆ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಬಿಚ್ಚಬೇಕಾಗಿತ್ತು. ಗರಿಗರಿ ಸಂಡಿಗೆಯನ್ನು ಡಬ್ಬಕ್ಕೆ ತುಂಬುವ ಸಡಗರದಲ್ಲಿ ಮರೆತರು.

ಯಂತ್ರ ಓಡಿತು, ನೀರು ಕುಗ್ಗಿತು. ಪಂಪಿನ ಬುಡದಲ್ಲಿ ಸದಾ ತೊಟ್ಟಿಕ್ಕಿ ಹೋಗುವ ನೀರಿಗೂ ಬದಲು ಬರಲಿಲ್ಲ. ಬುಧವಾರ ಟ್ಯಾಂಕು ಬತ್ತಿ, ಕೊಳವೆಗೆ ಗಾಳಿ ಹೊಕ್ಕು, ಪಂಪು ಗಡಗಡಿಸಿ ಕೆಟ್ಟು ನಿಂತಿತು. ಗಲಾಟೆ ಕೇಳಿದೊಡನೆ ರುಕ್ಮಿಣಮ್ಮನಿಗೆ ಹೊಳೆಯಿತು. ಯಾರೂ ಮೇಲೆ ಬರುವ ಮುಂಚೆ ಗಂಟು ಬಿಚ್ಚಿ, ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೈಸೂರಿನ ಕಡೆಯ ಎಂಜಿನಿಯರ್ ಪ್ರಿಯಂವದಾ ಬಂದು ನೋಡಿದರೆ ನಲ್ಲಿಯಲ್ಲಿ ನೀರು ಧಾರಾಳ. ಇಷ್ಟು ದಿನ ಬಾರದ ನೀರು ಈಗ ಹೇಗೆ ಬಂತು? ಗುರುವಾರ ನಲ್ಲಿ ಮುಚ್ಚಿ ಮರೆತ ಮಿಹಿರ್, ರಜೆ ಮುಗಿಸಿ ಬಂದವನು, ಈಗ ಕದ್ದು ತೆರೆದಿದ್ದಾನೆಂದು ಎಲ್ಲರೂ ತೀರ್ಮಾನಿಸಿದರು. ಅವನದು ಗುತ್ತಿಗೆ ಕೆಲಸ. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದರು. ರುಕ್ಮಿಣಮ್ಮ ಕಸಬರಿಕೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದರು.

ಶುಕ್ರವಾರ ಮಿಹಿರ್ ತಾನೇ ಟೆರೇಸಿಗೆ ಬಂದ. ಅವರನ್ನು ಚಿಕ್ಕಮ್ಮ ಎನ್ನುವ ಹಾಗೆ ಮಾಶಿ ಎಂದೇ ಕರೆಯುತ್ತಿದ್ದವನು ಬಂಗಾಳಿಯಲ್ಲಿ ಮೆಲ್ಲಗೆ ಹೇಳಿದ: "ಮಾಶಿ, ಯೋಚಿಸಿ ಯೋಚಿಸಿ ಈಗ ನನಗೇ ಅನ್ನಿಸ್ತಿದೆ, ನಾನೇ ಮುಚ್ಚಿದ್ನೇನೋ ಅಂತ. ರೈಲಿನ ಗಡಿಬಿಡಿ ಇತ್ತಲ್ಲ. ಬುಧವಾರದ ಗಲಾಟೇಲಿ ತೆರೆದಿದ್ದೂ ನೆನಪಿಲ್ಲ. ತಪ್ಪಾಯ್ತು ಅಂತ ಬರೆದುಕೊಟ್ಟುಬಿಟ್ಟೆ."

ಅವನು ಬೈದಿದ್ದರೆ ರುಕ್ಮಿಣಮ್ಮ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆಯಲಾಗಲಿಲ್ಲ. ಅವನ ತೋಳು ಹಿಡಿದು ಐದಂತಸ್ತು ಇಳಿಸಿ ಪ್ರಿಯಂವದಾಳ ಕೋಣೆಗೆ ಕರೆದೊಯ್ದರು. ಸ್ಟೂಲು, ಅರ್ಧ ನೀರು, ಗಂಟು, ಮರೆವು, ಬಿಚ್ಚಿದ್ದು, ಒಂದನ್ನೂ ಬಿಡದೆ ಕನ್ನಡದಲ್ಲಿ ಹೇಳಿದರು. ಮಿಹಿರ್ ಏನೂ ತಿಳಿಯದೆ ಇಬ್ಬರ ಮುಖ ನೋಡುತ್ತಿದ್ದ.

"ಸಂಡಿಗೆಗೋಸ್ಕರಾನಾ, ರುಕ್ಮಿಣಮ್ಮ?"

"ಹೂಂ ತಾಯಿ. ನನ್ನ ತೆಗೆದುಹಾಕಿ. ಅವನ ಕಾಗದ ಹರಿದುಹಾಕಿ."

"ಕಾಗದ ಹರೀತೀನಿ. ನಿಮ್ಮ ವಿಷಯ ಮೇಲಿನವರು ಹೇಳ್ದಂಗೆ. ಆದ್ರೆ ನನಗೆ ಕನ್ನಡದಲ್ಲಿ ಹೇಳಿದ್ರೆ ಆಯ್ತಾ? ಅವನಿಗೆ ಹೇಳಿ."

ತರಕಾರಿ ಚೌಕಾಸಿಗೆ, ಬಸ್ಸಿಗೆ ಸಾಲುವಷ್ಟು ಬಂಗಾಳಿ ರುಕ್ಮಿಣಮ್ಮನಿಗಿತ್ತು. ಅದರಲ್ಲೇ ಹುಡುಕಿ ಹುಡುಕಿ ಹೇಳಿದರು: "ನೀನು ಮುಚ್ಚಿರಲಿಲ್ಲ, ಮಿಹಿರ್. ಚೆಂಡು ನಾನು ಕಟ್ಟಿದ್ದೆ. ಬಿಚ್ಚಿದವಳೂ ನಾನೇ."

ಮಿಹಿರ್ ಅವರತ್ತ ತಿರುಗಿದ. ಆಮೇಲೆ ಕೇಳಿದ: "ಗೊತ್ತಿದ್ದೂ ಎರಡು ದಿನ ನನ್ನನ್ನ ನೋಡ್ತಾ ಇದ್ರಾ, ಮಾಶಿ?"

"ಮೂರು," ಎಂದರು ರುಕ್ಮಿಣಮ್ಮ. "ಇವತ್ತೂ ಸೇರಿ ಮೂರು."