ಗದ್ದ ಇಲ್ಲದ ನಾಲ್ವರು

ಹಿರೇಹಡಗಲಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕುಂಬಾರ ಜಂಬಕ್ಕನ ಪಡಸಾಲೆಯಲ್ಲಿ ಐದು ತಲೆಬುರುಡೆಗಳು ಸಾಲಾಗಿ ಕೂತಿವೆ. ಮೊದಲ ದಿನ ಇವನ್ನು ಕಂಡ ಹಾಲಿನವನು ಕ್ಯಾನು ಅಲ್ಲೇ ಬಿಟ್ಟು ಓಡಿದ್ದನಂತೆ! ಜಂಬಕ್ಕ ಮಾತ್ರ, ಮೊಮ್ಮಕ್ಕಳ ಮುಖ ತೊಳೆಯುವ ಹಾಗೆ, ನಿನ್ನೆ ಆವಿಗೆಯಲ್ಲಿ ಸುಟ್ಟ ಮಣ್ಣಿನ ಬುರುಡೆಗಳ ಬೂದಿ ಒರೆಸುತ್ತಿದ್ದಾರೆ.

"ಇವ ಎಲ್ಲಾರಿಗಿಂತ ಹಿರ್ಯಾ ನೋಡ್ರಿ, ಮೂವತ್ತು ಲಕ್ಷ ವರ್ಷದವ. ಈ ದಪ್ಪ ಹುಬ್ಬಿನಂವ ನಮಗ ದಾಯಾದಿ ಆಗಬೇಕಂತ. ಮಿದುಳು ನಮ್ಮಷ್ಟ ಇತ್ತಂತ್ರಿ."

ಜಂಬಕ್ಕನಿಗೆ ಐವತ್ತನಾಲ್ಕು. ಹಬ್ಬಕ್ಕೆ ಮಣ್ಣೆತ್ತು, ಜೋಕುಮಾರನ ಮೂರ್ತಿ ಮಾಡಿ ಪಳಗಿದ ಕೈ. ಪ್ಲಾಸ್ಟಿಕ್ ಕೊಡಗಳು ಬಂದ ಮೇಲೆ ಮಡಕೆ ತಿರುವುವ ತಿಗರಿ ತಿಂಗಳುಗಟ್ಟಲೆ ಸುಮ್ಮನೆ ನಿಂತಿತ್ತು. ಆಗ ಬಂದವರು ಕೊಟ್ಟೂರಿನ ವಿಜ್ಞಾನ ಶಿಕ್ಷಕಿ ವಾಣಿಶ್ರೀ, ಕೈಯಲ್ಲಿ ಮಾನವನ ಪೂರ್ವಜರ ಚಿತ್ರಗಳು. ಶಾಲೆಯ ಮಕ್ಕಳಿಗೆ ತೋರಿಸಲು ಇವರ ತಲೆಬುರುಡೆಗಳನ್ನು ಮಣ್ಣಲ್ಲಿ ಮಾಡಿಕೊಡಿ ಎಂದರು. ಒಂದು ಬುರುಡೆಗೆ ಎರಡು ದಿನದ ಕೆಲಸ, ಹತ್ತು ದಿನ ನೆರಳಲ್ಲಿ ಒಣಗಬೇಕು. ಐದಕ್ಕೂ ಸೇರಿ ನೂರಾ ಅರವತ್ತು ಹಲ್ಲು, ಎಲ್ಲವೂ ಬೆರಳಲ್ಲೇ ಹೊಸೆದವು.

ಮೊದಲ ಸಲ ಎಡವಟ್ಟಾಯಿತು. ಚಿತ್ರದಲ್ಲಿ ಎದುರಿನ ಮುಖವಷ್ಟೇ ಇತ್ತು. ಜೋಕುಮಾರನಿಗೆ ಗದ್ದ ಚಿವುಟಿ ರೂಢಿಯಾದ ಹೆಬ್ಬೆರಳು ಐವರಿಗೂ ಚೆಂದದ ಗದ್ದ ಇಟ್ಟುಬಿಟ್ಟಿತು. ಗದ್ದ ಇರುವುದು ಐದನೆಯವರಾದ ನಮಗೊಬ್ಬರಿಗೇ, ಉಳಿದ ನಾಲ್ವರಿಗೆ ದವಡೆ ಹಿಂದಕ್ಕೆ ಜಾರಿರುತ್ತದೆ ಎಂದು ವಾಣಿಶ್ರೀ ಹೇಳಿದಾಗ ಜಂಬಕ್ಕ ನಾಚಿ ನೀರಾದರು. ಮತ್ತೆ ಮಾಡಿದ ಬುರುಡೆಗಳಿಗೆ ಇವತ್ತು ಎರಡನೆಯ ಪರೀಕ್ಷೆ. ಇದೂ ತಪ್ಪಿದರೆ ಶಾಲೆಯವರು ಪ್ಲಾಸ್ಟಿಕ್ ಬುರುಡೆ ತರಿಸುತ್ತಾರೆ.

"ಕೊಡಕ್ಕ ಬಂದ ಪ್ಲಾಸ್ಟಿಕ್ ತಲಿಗೂ ಬರಬೇಕೇನ್ರಿ?"

ಎಂಟರ ಬಸ್ಸಿನಿಂದ ವಾಣಿಶ್ರೀ ಇಳಿಯುತ್ತಾರೆ. ಒಂದೊಂದು ದವಡೆಯ ಮೇಲೂ ಬೆರಳಾಡಿಸುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಬೆರಳು ಜಾರುತ್ತದೆ. ಐದನೆಯದರಲ್ಲಿ ಗದ್ದಕ್ಕೆ ತಾಗಿ ನಿಲ್ಲುತ್ತದೆ.

"ಬರೋಬ್ಬರಿ ಐತಿ ಜಂಬಕ್ಕ!"

ಜಂಬಕ್ಕನ ಮುಖ ಊರಗಲವಾಗುತ್ತದೆ. ಖುಷಿಗೆ ಕಣ್ಣೂ ತುಂಬುತ್ತವೆ. ಬುರುಡೆಗಳನ್ನು ಹಳೇ ಸೀರೆಯಲ್ಲಿ ಸುತ್ತುತ್ತಾ ಒಂದೇ ಒಂದು ಕರಾರು ಹಾಕುತ್ತಾರೆ: "ಕಪಾಟಿನ್ಯಾಗ ಇಟ್ಟು ಬೀಗ ಹಾಕಬ್ಯಾಡ್ರಿ ಟೀಚರ್. ಹುಡುಗ್ರು ಮುಟ್ಲಿ. ಒಡದ್ರ ಮತ್ತ ಮಾಡಿಕೊಡ್ತೀನಿ."

ಕೊನೆಗೆ ಉಳಿದ ದಪ್ಪ ಹುಬ್ಬಿನವನನ್ನು ಸುತ್ತುವಾಗ ಕೈ ತಡೆಯುತ್ತದೆ. ಗದ್ದವಿಲ್ಲದ ಆ ದವಡೆಯನ್ನು ಹೆಬ್ಬೆರಳಿಂದ ಸವರುತ್ತಾರೆ.

"ಸಿಟ್ಟು ಮಾಡಿದ ಕೂಸನ್ನ ನಾವು ಗದ್ದ ಹಿಡದು ರಮಿಸ್ತೀವಿ. ಪಾಪ, ಇವರವ್ವ ಏನ್ ಹಿಡದು ರಮಿಸ್ತಿದ್ಲೋ!" ಎಂದು ಕ್ಷಣ ಯೋಚಿಸಿ, ತಾವೇ ನಗುತ್ತಾರೆ. "ಇರ್ಲಿ ಬಿಡ್ರಿ, ಕೆನ್ನಿ ಇದ್ವಲ್ಲ."