ಮಲಗಿ ಎದ್ದು ಬರ್ತೀನಿ

ಕಾಶಿಯ ಬಂಗಾಲಿ ಟೋಲಾದ ಗಲ್ಲಿಯಲ್ಲಿ ನಮ್ಮ ಎದುರು ಮನೆಯ ಪುರೋಹಿತರು ಹಗಲಲ್ಲೇ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ನನ್ನ ಕೆಲಸವೂ ಹೌದು. ನಾನು ಬಾಗಿಲು ತೆರೆದೇ ಕೂತಿರುತ್ತಿದ್ದೆ. ಆದರೂ ಜನ ಅವರ ಜಗುಲಿಯ ಮೇಲೆ ಕಾಯುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ಅವರಿಗೆ ಕೂತಲ್ಲೇ ನಿದ್ದೆ ಹತ್ತುವ ಕಾಯಿಲೆ. ಒಮ್ಮೆ ಘಾಟಿನಲ್ಲಿ ಪಿಂಡ ಇಡಿಸುವಾಗ ತೂಕಡಿಸಿ, ತೀರಿಹೋದ ತಂದೆಯ ಬದಲು ಎದುರಿಗೆ ಕೂತಿದ್ದ ಮಗನ ಹೆಸರನ್ನೇ ಹೇಳಿಬಿಟ್ಟರು. ಆತನ ಹೆಂಡತಿ ಚೀರಿದಳು. ಉಳಿದ ಕರ್ಮವನ್ನು ನಾನೇ ಮಾಡಿಸಿದೆ. ಇನ್ನು ಇವರ ಕಥೆ ಮುಗಿಯಿತು ಎಂದುಕೊಂಡೆ.

ದಿನಾ ಒಂದೇ ಹೊತ್ತಿಗೆ ಮಲಗಿ ಏಳಬೇಕು, ಕೆಲಸಕ್ಕೆ ಮುಂಚೆ ಸ್ವಲ್ಪ ನಿದ್ದೆ ಮಾಡಬೇಕು ಎಂದು ಡಾಕ್ಟರು ಹೇಳಿದರಂತೆ. ಇವರು ಅದನ್ನು ಸಂಧ್ಯಾವಂದನೆಯ ಹಾಗೆ ಹಿಡಿದರು. ಸಂಜೆಯ ಭಂಗಿ ಬೆರೆಸಿದ ಠಂಡಾಯಿ, ರಾತ್ರಿಯ ಹರಟೆ ಎರಡನ್ನೂ ಬಿಟ್ಟರು. ಮಲಗುವಾಗ ಮೊಬೈಲನ್ನು ಹೆಂಡತಿಯ ಕೈಗೆ ಕೊಡುತ್ತಿದ್ದರು. ಬಂದವರಿಗೆಲ್ಲ ಒಂದೇ ಮಾತು: "ನಂಗೆ ನಿದ್ದೆ ಕಾಯಿಲೆ ಸ್ವಾಮಿ. ಸ್ವಲ್ಪ ಮಲಗಿ ಎದ್ದು ಬರ್ತೀನಿ. ಹೆಸರು ತಪ್ಪಬಾರದು."

ಇದನ್ನು ಕೇಳಿದ ಮೇಲೆ ಯಾರು ನಿಲ್ಲುತ್ತಾರೆ ಎಂದು ನಾನು ನಕ್ಕಿದ್ದೆ. ಎಲ್ಲರೂ ನಿಂತರು.

ಕೆಲವು ವರ್ಷಗಳ ಮೇಲೆ, ಅಂದು ಪಿಂಡಕ್ಕೆ ತನ್ನದೇ ಹೆಸರು ಕೇಳಿದ್ದ ಆ ಮಗನೇ ತಾಯಿಯ ಅಸ್ಥಿ ತಂದ. ಗಲ್ಲಿಯ ತಿರುವಿನಲ್ಲೇ ಗುರುತು ಹಿಡಿದು, "ಬನ್ನಿ, ಬನ್ನಿ" ಎನ್ನುತ್ತಾ ನಾನು ಮೆಟ್ಟಿಲಿಳಿದೆ.

ಆತ ಕೈಮುಗಿದ. "ಅವರಿನ್ನೂ ಎದ್ದಿಲ್ವಾ?" ಎಂದು ಕೇಳಿ, ಅಸ್ಥಿಯ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರು ಜಗುಲಿಯಲ್ಲಿ ಕೂತ. ಅಷ್ಟರಲ್ಲಿ ನನ್ನ ಮೊಬೈಲು ಬಡಿದುಕೊಂಡಿತು.

ಆತ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ.